ಉಪ್ಪುನೀರಿನಲ್ಲಿ ಬಾಳುವ ಲಘು ಸ್ಪಿನ್ನಿಂಗ್ ರೀಲ್ ಆರಿಸುವುದು ಹೇಗೆ?

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮೀನು ಗಾಳದ ದಾರ ಸುತ್ತುವ ರೀಲಿನ ಸಂದಿಗೆ ಇಳಿದ ಹನಿ ಆರಿಹೋದರೂ ಉಪ್ಪಿನ ಹರಳು ಅಲ್ಲೇ ಉಳಿಯುತ್ತದೆ. ಕರಾವಳಿಯ ತೇವದ ಗಾಳಿಯಿಂದ ಅದು ಮತ್ತೆ ನೀರು ಹೀರಿಕೊಳ್ಳುತ್ತದೆ. ರೀಲ್ ಮನೆಯ ಕಪಾಟಿನಲ್ಲಿ ಸುಮ್ಮನೆ ಕೂತಿದ್ದಾಗಲೂ ಒಳಗೆ ಲೋಹ ತಿನ್ನುವ ಕೆಲಸ ನಡೆದೇ ಇರುತ್ತದೆ. ಕೆರೆಯಲ್ಲಿ, ಹೊಳೆಯಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ತಿರುಗಿದ ರೀಲ್ ಕಡಲ ತಡಿಗೆ ಬಂದ ಒಂದೇ ಹಂಗಾಮಿನಲ್ಲಿ ಗರಗರ ಅನ್ನತೊಡಗುವುದು ಇದರಿಂದ.

ಇಲ್ಲಿ ಹೇಳುವುದು ಲಘು ಸಾಮಗ್ರಿಯ ಮಾತು: 7ರಿಂದ 8 ಅಡಿಯ ರಾಡ್, 10ರಿಂದ 30 ಗ್ರಾಂ ಲೂರ್ (ಕೃತಕ ಎರೆ), 10ರಿಂದ 25 ಪೌಂಡಿನ ಎಳೆತ ತಾಳುವ ಬ್ರೇಡ್ (ಎಳೆಗಳನ್ನು ಹೆಣೆದ) ದಾರ. ಕಾಳಿ, ಅಘನಾಶಿನಿ, ಶರಾವತಿ ಅಳಿವೆಗಳ ಸೀಬಾಸ್ ಮತ್ತು ಕೆಂಬೇರಿ ಮೀನು; ಗಂಗೊಳ್ಳಿ, ಕೋಡಿಬೆಂಗ್ರೆ, ಮಂಗಳೂರಿನ ಬೆಂಗ್ರೆಯ ಅಳಿವೆ ಬಾಯಿಗೆ ಉಬ್ಬರದೊಂದಿಗೆ ನುಗ್ಗುವ ಕೊಕ್ಕರ್, ಕಲ್ಲುಸಂದಿಯ ಸಣ್ಣ ಮುರು, ಇವಕ್ಕೆಲ್ಲ ಈ ತೂಕ ಸಾಕು. ದೋಣಿಯಿಂದ ದೊಡ್ಡ ಅಂಜಲ್ ಹಿಡಿಯಲು ಬೇರೆಯೇ ರೀಲ್ ಬೇಕು.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ ಎರಡು ಅಂಕಿಗಳನ್ನು, ಅಂದರೆ ಬೇರಿಂಗ್ ಎಷ್ಟು, ಗರಿಷ್ಠ ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ತಡೆದು ಜಾರಿಬಿಡುವ ಬಿಗಿ) ಎಷ್ಟು ಎಂಬುದನ್ನು, ಮೊದಲು ಮನಸ್ಸಿನಿಂದ ತೆಗೆದುಹಾಕಿ. ಉಪ್ಪುನೀರಿನಲ್ಲಿ ರೀಲಿನ ಆಯಸ್ಸು ನಿಂತಿರುವುದು ಮೂರು ವಿಷಯಗಳ ಮೇಲೆ: ಒಳಗಿನ ಗೇರ್ ಯಾವ ಲೋಹದ್ದು, ನೀರು ಎಲ್ಲೆಲ್ಲಿ ಒಳಬರಬಹುದು, ಕೆಟ್ಟ ಭಾಗವನ್ನು ಬಿಚ್ಚಿ ಬದಲಿಸಲು ಬರುತ್ತದೆಯೇ. ಮೂರನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ನಮ್ಮ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಮುಖ್ಯ.

ಮೊದಲು ನೀರು, ಆಮೇಲೆ ಅಳತೆ

ನೀವು ನಿಲ್ಲುವ ಜಾಗ ಯಾವುದು? ಅಳಿವೆಯ ದಡದಲ್ಲೋ ಸೇತುವೆಯ ಪಕ್ಕದಲ್ಲೋ ನಿಂತರೆ ರೀಲಿಗೆ ಬೀಳುವುದು ದಾರ ಹೊತ್ತು ತರುವ ನೀರು ಮಾತ್ರ. ತಡೆಗೋಡೆಯ ಕಲ್ಲುಗಳ ಮೇಲೆ ತೆರೆಯ ಸಿಂಚನ ನೇರವಾಗಿ ಮೈಮೇಲೆ ಬರುತ್ತದೆ. ಸೊಂಟದ ತನಕ ನೀರಿಗಿಳಿಯುವವರ ಅಥವಾ ಕಯಾಕ್‌ನಲ್ಲಿ ಕೂರುವವರ ರೀಲ್ ದಿನಕ್ಕೆ ಒಮ್ಮೆಯಾದರೂ ಮುಳುಗುತ್ತದೆ. ಮರಳು ದಂಡೆಯಲ್ಲಿ ಉಪ್ಪಿನ ಜೊತೆ ಮರಳಿನ ಕಾಟವೂ ಸೇರುತ್ತದೆ. ಎಷ್ಟು ನೀರು ತಡೆ ಬೇಕು ಎಂಬುದನ್ನು ಈ ಉತ್ತರವೇ ನಿರ್ಧರಿಸಬೇಕು.

ಅಳತೆಯ ಮಟ್ಟಿಗೆ, ತಯಾರಕರು ರೀಲಿನ ಗಾತ್ರಕ್ಕೆ ಕೊಡುವ ಅಂಕಿಗಳಲ್ಲಿ 2500ರಿಂದ 4000 ನಮ್ಮ ವ್ಯಾಪ್ತಿ. 10-15 ಗ್ರಾಂ ಲೂರ್ ಎಸೆಯುವವರಿಗೆ 2500 ಅಥವಾ 3000. 20-30 ಗ್ರಾಂ ಮತ್ತು ಓಡುವ ಮೀನಿಗೆ 4000. ಒಂದೇ ರೀಲ್ ಕೊಳ್ಳುವುದಾದರೆ 4000 ಕೊಳ್ಳಿ: ಅದರ ಗೇರ್ ದೊಡ್ಡದು, ಹಲ್ಲುಗಳ ಮೇಲೆ ಒತ್ತಡ ಹಂಚಿಹೋಗುತ್ತದೆ, ದಾರವೂ ಹೆಚ್ಚು ಹಿಡಿಯುತ್ತದೆ. ಆದರೆ ಅಂಕಿ ಒಂದೇ ಎಂದ ಮಾತ್ರಕ್ಕೆ ಗಾತ್ರ ಒಂದೇ ಅಲ್ಲ. ರೀಲ್ ತಯಾರಿಸುವ ಡೈವಾ ಕಂಪನಿ 2018ರಲ್ಲಿ ಎಲ್‌ಟಿ ಸರಣಿಯೊಂದಿಗೆ ತನ್ನ ಅಳತೆಗಳನ್ನು ಬದಲಿಸಿತು. ಅದಕ್ಕಿಂತ ಹಿಂದಿನ ಡೈವಾ 2500 ಶಿಮಾನೊದ 2500ಕ್ಕಿಂತ ಸಾಕಷ್ಟು ದೊಡ್ಡದು. ಅಂಕಿಯ ಮುಂದೆಯೋ ಹಿಂದೆಯೋ ‘ಸಿ’ ಇದ್ದರೆ ಅದು ಒಂದು ಅಳತೆ ಚಿಕ್ಕ ದೇಹದ ಮೇಲೆ ದೊಡ್ಡ ಸ್ಪೂಲ್ (ದಾರ ಸುತ್ತುವ ಉರುಳೆ) ಕೂರಿಸಿದ್ದು. ಅಂಥದ್ದು ಹಗುರ, ಆದರೆ ಗೇರ್ ಸಹ ಚಿಕ್ಕದು ಎಂಬುದು ನೆನಪಿರಲಿ.

ತೂಕ ಮತ್ತು ದಾರದ ಸಾಮರ್ಥ್ಯ ಈ ಎರಡನ್ನೇ ಹೋಲಿಸಿ ನೋಡುವುದು ಸರಿಯಾದ ದಾರಿ. ಸಾಮರ್ಥ್ಯವನ್ನು ನೀವೇ ಲೆಕ್ಕ ಹಾಕಬಹುದು. ಸ್ಪೂಲ್ ಮೇಲೆ 0.28 ಮಿ.ಮೀ. ತಂಗೂಸು (ಒಂಟಿ ಎಳೆಯ ನೈಲಾನ್ ದಾರ) 150 ಮೀಟರ್ ಎಂದಿದೆ ಎನ್ನಿ. ಪಿಇ 1.5 (ಪಿಇ ಎಂಬುದು ಬ್ರೇಡ್ ದಪ್ಪ ಹೇಳುವ ಅಂಕಿ) ಬ್ರೇಡ್ ದಪ್ಪ ಸುಮಾರು 0.205 ಮಿ.ಮೀ. ದಪ್ಪಗಳ ಅನುಪಾತದ ವರ್ಗ ತೆಗೆದು 150ರಿಂದ ಗುಣಿಸಿದರೆ ಸುಮಾರು 280 ಮೀಟರ್. ಲಘು ಸಾಮಗ್ರಿಗೆ 200 ಮೀಟರ್ ಇದ್ದರೆ ಸಾಕು.

ಗೇರ್ ಅನುಪಾತ (ಹಿಡಿಕೆಯ ಒಂದು ಸುತ್ತಿಗೆ ದಾರ ಸುತ್ತುವ ರೋಟರ್ ಎಷ್ಟು ಸುತ್ತು ತಿರುಗುತ್ತದೆ ಎಂಬುದು) 5.2ರ ಆಸುಪಾಸು ಇದ್ದರೆ ಸುತ್ತಲು ಬಲವಿರುತ್ತದೆ, 6.2ರ ಆಸುಪಾಸಿನದು ವೇಗಕ್ಕೆ. 47 ಮಿ.ಮೀ. ವ್ಯಾಸದ ಸ್ಪೂಲ್, 6ರ ಅನುಪಾತ ಇದ್ದರೆ ಒಂದು ಸುತ್ತಿಗೆ ಸುಮಾರು 88 ಸೆಂ.ಮೀ. ದಾರ ಒಳಬರುತ್ತದೆ. ಇಳಿತದ ಸೆಳೆತದಲ್ಲಿ ಸಡಿಲ ದಾರ ಬೇಗ ಎತ್ತಲು ಇದು ಅನುಕೂಲ. 7ಕ್ಕಿಂತ ಮೇಲಿನದು ಬಾಳಿಕೆಯ ದೃಷ್ಟಿಯಿಂದ ಬೇಡ. ಭಾರ ಬಿದ್ದಾಗ ಹಿಡಿಕೆ ಬಿಗಿಯಾಗುತ್ತದೆ, ಗೇರ್ ಬೇಗ ಸವೆಯುತ್ತದೆ.

ಮೈ, ಹಲ್ಲು, ಬೇರಿಂಗ್

ರೀಲಿನ ಮೈಗೆ ಮೂರು ಬಗೆಯ ವಸ್ತುಗಳು ಚಾಲ್ತಿಯಲ್ಲಿವೆ. ಕಾರ್ಬನ್ ಬೆರೆಸಿದ ನೈಲಾನ್‌ಗೆ ಉಪ್ಪು ಏನೂ ಮಾಡುವುದಿಲ್ಲ, ಆದರೆ ಅಗ್ಗದ ಬಗೆಯದು ಭಾರ ಬಿದ್ದಾಗ ಬಾಗುತ್ತದೆ. ಬಾಗಿದಾಗ ಗೇರ್ ಹಲ್ಲುಗಳು ಸಾಲು ತಪ್ಪಿ ಅಂಚಿನಲ್ಲಿ ಸವೆಯುತ್ತವೆ. ಅಲ್ಯೂಮಿನಿಯಂ ಬಾಗುವುದಿಲ್ಲ, ಬಣ್ಣ ಕಿತ್ತಲ್ಲಿ ಮಾತ್ರ ಬಿಳಿ ಪುಡಿಯಂಥ ಕಿಲುಬು ಏಳುತ್ತದೆ. ಮ್ಯಾಗ್ನೀಸಿಯಂ ಅಲ್ಯೂಮಿನಿಯಂಗಿಂತ ಹಗುರ, ಆದರೆ ಉಪ್ಪಿಗೆ ಎಲ್ಲಕ್ಕಿಂತ ಬೇಗ ಸೋಲುವುದು ಅದೇ: ಕಲ್ಲಿಗೆ ತಗುಲಿ ಲೇಪ ಒಂದೆಡೆ ಹರಿದರೆ ಅಲ್ಲಿಂದ ಒಳಗೊಳಗೇ ಕೊರೆಯುತ್ತದೆ. ತಡೆಗೋಡೆಯ ಕಲ್ಲುಗಳ ಮೇಲೆ ಓಡಾಡುವವರು ಮ್ಯಾಗ್ನೀಸಿಯಂ ಮೈಯ ರೀಲ್ ಕೊಳ್ಳಲೇಬಾರದು. ಮೈ ಅಲ್ಯೂಮಿನಿಯಂ, ರೋಟರ್ ಕಾರ್ಬನ್-ನೈಲಾನ್ ಇರುವ ಜೋಡಣೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಮುಖ್ಯ ಗೇರ್ ಅಗ್ಗದ ರೀಲಿನಲ್ಲಿ ಅಚ್ಚಿಗೆ ಹೊಯ್ದ ಸತುವಿನ ಮಿಶ್ರಲೋಹದ್ದಾಗಿರುತ್ತದೆ. ಹೊಸತರಲ್ಲಿ ಅದೂ ನುಣುಪಾಗಿಯೇ ತಿರುಗುತ್ತದೆ, ಅಂಗಡಿಯಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಕೆಲವು ತಿಂಗಳು ಭಾರದ ಲೂರ್ ಎಳೆದ ಮೇಲೆ ಹಿಡಿಕೆಯಲ್ಲಿ ಸಣ್ಣ ಕಂಪನ ಶುರುವಾಗುತ್ತದೆ. ತಣ್ಣಗೆ ಒತ್ತಿ ರೂಪಿಸಿದ ಅಲ್ಯೂಮಿನಿಯಂ ಗೇರ್, ಇಲ್ಲವೇ ಯಂತ್ರದಲ್ಲಿ ಹಲ್ಲು ಕೊರೆದ ಅಲ್ಯೂಮಿನಿಯಂ ಅಥವಾ ಹಿತ್ತಾಳೆಯ ಗೇರ್ ಇದೆಯೇ ಎಂದು ವಿವರಪಟ್ಟಿಯಲ್ಲಿ ಹುಡುಕಿ. ತಯಾರಕರು ಒಳ್ಳೆಯ ಗೇರ್ ಹಾಕಿದ್ದರೆ ಅದನ್ನು ಹೇಳದೆ ಬಿಡುವುದಿಲ್ಲ; ಗೇರ್ ಬಗ್ಗೆ ಒಂದು ಮಾತೂ ಇಲ್ಲದಿದ್ದರೆ ಅದು ಸತುವಿನದೇ ಎಂದು ತಿಳಿಯಿರಿ. ಪಿನಿಯನ್ (ಮುಖ್ಯ ಗೇರ್ ತಿರುಗಿಸುವ ಸಣ್ಣ ಗೇರ್) ಹಿತ್ತಾಳೆಯದು, ನಡು ಕಡ್ಡಿ ಸ್ಟೇನ್‌ಲೆಸ್ ಸ್ಟೀಲಿನದು ಆಗಿರಲಿ.

ಬೇರಿಂಗ್ ಹತ್ತಿದ್ದರೆ ಒಳ್ಳೆಯದು, ಹದಿನೈದಿದ್ದರೆ ಇನ್ನೂ ಒಳ್ಳೆಯದು ಎಂಬುದು ಮಾರಾಟದ ಮಾತು. ಪ್ರತಿ ಬೇರಿಂಗೂ ತುಕ್ಕು ಹಿಡಿಯಬಹುದಾದ ಇನ್ನೊಂದು ಜಾಗ. ಮುಖ್ಯ ಗೇರಿನ ಎರಡು ಕಡೆ, ಪಿನಿಯನ್‌ಗೆ ಒಂದೋ ಎರಡೋ, ದಾರ ಹಾಯುವ ಲೈನ್ ರೋಲರ್‌ಗೆ ಒಂದು, ಇವು ಮುಚ್ಚಳವಿರುವ, ತುಕ್ಕು ತಡೆಯುವ ಬಗೆಯವಾಗಿದ್ದರೆ ಐದಾರು ಬೇರಿಂಗ್ ಧಾರಾಳ ಸಾಕು.

ನೀರು ತಡೆ: ಎಷ್ಟು ನಂಬಬಹುದು?

ಕೆಲವು ರೀಲ್‌ಗಳ ಮೇಲೆ ಐಪಿಎಕ್ಸ್5, ಐಪಿಎಕ್ಸ್6 ಎಂದು ಬರೆದಿರುತ್ತದೆ. ಇದು ವಿದ್ಯುತ್ ಉಪಕರಣಗಳಿಗೆಂದು ಮಾಡಿದ ಅಂತರರಾಷ್ಟ್ರೀಯ ಮಾನದಂಡ. ಐಪಿಎಕ್ಸ್5 ಎಂದರೆ 6.3 ಮಿ.ಮೀ. ಬಾಯಿಯಿಂದ ನಿಮಿಷಕ್ಕೆ 12.5 ಲೀಟರ್ ನೀರು ಎಲ್ಲ ದಿಕ್ಕಿನಿಂದ ಹಾಯಿಸಿದರೂ ತಡೆಯಬೇಕು. ಐಪಿಎಕ್ಸ್6ಕ್ಕೆ 12.5 ಮಿ.ಮೀ. ಬಾಯಿ, ನಿಮಿಷಕ್ಕೆ 100 ಲೀಟರ್. ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ. ಗಮನಿಸಬೇಕಾದ್ದೇನೆಂದರೆ, 5 ಮತ್ತು 6 ಚಿಮ್ಮುವ ನೀರಿನ ಪರೀಕ್ಷೆಗಳು, ಮುಳುಗಿಸುವ ಪರೀಕ್ಷೆಗಳಲ್ಲ. ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಹೊಸ ರಬ್ಬರ್ ಸೀಲ್‌ನೊಂದಿಗೆ. ಉಪ್ಪು, ಮರಳು, ಬಿಸಿಲು ತಿಂದು ಎರಡು ವರ್ಷವಾದ ಸೀಲ್ ಅದೇ ದರ್ಜೆಯದಾಗಿ ಉಳಿದಿರುವುದಿಲ್ಲ.

ಸೀಲ್‌ಗೆ ಇನ್ನೊಂದು ಮುಖವಿದೆ. ಅದು ನೀರನ್ನು ಹೊರಗಿಡುವಷ್ಟೇ ಚೆನ್ನಾಗಿ, ಒಮ್ಮೆ ಒಳಹೊಕ್ಕ ನೀರನ್ನು ಒಳಗೇ ಹಿಡಿದಿಡುತ್ತದೆ. ಸೀಲ್ ಇಲ್ಲದ ರೀಲಿನಲ್ಲಿ ನೀರು ಆರುತ್ತದೆ, ಬಿಚ್ಚಿ ಒರೆಸಲೂ ಸುಲಭ. ಪೂರ್ತಿ ಸೀಲ್ ಮಾಡಿದ ರೀಲಿನೊಳಗೆ ಹೊಕ್ಕ ಒಂದು ಚಮಚ ಉಪ್ಪುನೀರು ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಸೀಲ್ ಉಜ್ಜುವುದರಿಂದ ಹಿಡಿಕೆಯೂ ಕೊಂಚ ಬಿಗಿ. 10 ಗ್ರಾಂ ಲೂರ್ ಆಡಿಸುವವರಿಗೆ ಅದು ಕೈಗೆ ಗೊತ್ತಾಗುತ್ತದೆ.

ಹಾಗಾಗಿ ನಮ್ಮ ಸಲಹೆ ಹೀಗಿದೆ. ದಡದಿಂದ, ಸೇತುವೆಯಿಂದ, ದೋಣಿಯಿಂದ ಗಾಳ ಹಾಕುವವರಿಗೆ ಡ್ರ್ಯಾಗ್ ಗುಬುಟಿನ ಕೆಳಗೆ ಒಂದು ಸೀಲ್, ಹಿಂತಿರುಗದಂತೆ ತಡೆಯುವ ಕ್ಲಚ್‌ನ ಮುಂದೆ ಒಂದು ಸೀಲ್, ಹಿಡಿಕೆಯ ಎರಡು ಕಡೆ ಸೀಲ್, ಇಷ್ಟಿದ್ದರೆ ಸಾಕು. ತೆರೆ ಬಡಿಯುವ ಬಂಡೆಯ ಮೇಲೆ ನಿಲ್ಲುವವರು, ನೀರಿಗಿಳಿಯುವವರು, ಕಯಾಕ್‌ನವರು ಮಾತ್ರ ಐಪಿಎಕ್ಸ್ ದರ್ಜೆಯ ರೀಲಿಗೆ ಹೆಚ್ಚು ಹಣ ಕೊಡಲಿ.

ಡೈವಾದ ಮ್ಯಾಗ್‌ಸೀಲ್ ಬೇರೆ ಜಾತಿಯದು. ಅಲ್ಲಿ ರಬ್ಬರ್ ಬದಲು ಅಯಸ್ಕಾಂತ ಹಿಡಿದಿಟ್ಟ ಎಣ್ಣೆಯ ತೆಳು ಪೊರೆ ನೀರು ತಡೆಯುತ್ತದೆ. ಉಜ್ಜಾಟವಿಲ್ಲ, ತಿರುಗುವಿಕೆ ಬಲು ಹಗುರ. ಆದರೆ ಆ ಜಾಗಕ್ಕೆ ನೀವು ಒಂದು ಹನಿ ಎಣ್ಣೆ ಬಿಟ್ಟರೂ ಪೊರೆ ಕೆಡುತ್ತದೆ, ಮತ್ತೆ ತುಂಬಲು ಸೇವಾಕೇಂದ್ರಕ್ಕೇ ಕಳಿಸಬೇಕು. ಹತ್ತಿರದಲ್ಲಿ ಅಂಥ ಸೇವೆ ಸಿಗದ ಊರಿನವರು, ತಾವೇ ಬಿಚ್ಚಿ ಎಣ್ಣೆ ಹಾಕುವ ಅಭ್ಯಾಸದವರು ಇದರಿಂದ ದೂರ ಇರುವುದು ಮೇಲು.

ಲೈನ್ ರೋಲರ್

ಸ್ಪಿನ್ನಿಂಗ್ ರೀಲಿನಲ್ಲಿ ಉಪ್ಪಿಗೆ ಮೊದಲು ಬಲಿಯಾಗುವ ಭಾಗ ಇದು. ಒದ್ದೆ ದಾರ ಪ್ರತಿ ಸುತ್ತಿಗೂ ಇದರ ಮೇಲೆ ಹಾಯ್ದು ನೀರು ಹಿಂಡುತ್ತದೆ. ಒಳಗಿನ ಪುಟ್ಟ ಬೇರಿಂಗ್ ಜಾಮ್ ಆದರೆ ರೋಲರ್ ತಿರುಗುವುದು ನಿಲ್ಲುತ್ತದೆ, ಬ್ರೇಡ್ ಒಂದೇ ಜಾಗದಲ್ಲಿ ಉಜ್ಜಿ ಗೀರು ಬೀಳುತ್ತದೆ, ಮುಂದೆ ಒಳ್ಳೆಯ ಮೀನು ಬಿದ್ದಾಗ ದಾರ ತುಂಡಾಗುತ್ತದೆ. ದೋಷ ದಾರದ್ದು ಎಂದುಕೊಂಡು ಹೊಸ ದಾರ ಸುತ್ತುವವರೇ ಹೆಚ್ಚು.

ಕೊಳ್ಳುವಾಗ ರೋಲರ್‌ನ ತಿರುಪು ಒಂದೇ ಸ್ಕ್ರೂಡ್ರೈವರ್‌ನಿಂದ ಬಿಚ್ಚಲು ಬರುತ್ತದೆಯೇ, ಒಳಗೆ ನಿಜವಾದ ಬೇರಿಂಗ್ ಇದೆಯೇ ಅಥವಾ ಪ್ಲಾಸ್ಟಿಕ್ ಬುಶ್ ಇದೆಯೇ ಎಂದು ಕೇಳಿ. ಶಿಮಾನೊದ ಅನೇಕ ಮಾದರಿಗಳಲ್ಲಿ ಇಲ್ಲಿ ಕೂರುವುದು 4×7×2.5 ಮಿ.ಮೀ. ಬೇರಿಂಗ್. ಸಾಮಾನ್ಯ ಅಳತೆಯಾದ್ದರಿಂದ ಸ್ಟೇನ್‌ಲೆಸ್ ಬೇರಿಂಗ್ ಎರಡು ತಂದಿಟ್ಟುಕೊಂಡರೆ ಬಹಳ ಕಾಲ ಚಿಂತೆಯಿಲ್ಲ. ನಿಮ್ಮ ಮಾದರಿಯ ಅಳತೆಯನ್ನು ಹಳೆಯ ಬೇರಿಂಗ್ ತೆಗೆದು ಕ್ಯಾಲಿಪರ್‌ನಲ್ಲಿ ನೋಡಿಯೇ ತರಿಸಿ.

ಡ್ರ್ಯಾಗ್

9 ಕಿಲೋ, 11 ಕಿಲೋ ಡ್ರ್ಯಾಗ್ ಲಘು ಸಾಮಗ್ರಿಗೆ ಉಪಯೋಗಕ್ಕೆ ಬಾರದ ಅಂಕಿ. 15 ಪೌಂಡಿನ ದಾರ ತುಂಡಾಗುವುದು 6.8 ಕಿಲೋಗೆ, ಡ್ರ್ಯಾಗ್ ಇಡಬೇಕಾದ್ದು ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗ, ಅಂದರೆ 1.7ರಿಂದ 2.3 ಕಿಲೋ. ಆ ಬಿಗಿಯಲ್ಲಿ ಸ್ಪೂಲ್ ತಡವರಿಸದೆ ಜಾರಲು ಶುರುಮಾಡುತ್ತದೆಯೇ ಎಂಬುದೊಂದೇ ಪ್ರಶ್ನೆ. ಮೊದಲ ಜಾರಿಕೆಗೆ ಹೆಚ್ಚು ಬಲ ಬೇಕಾದರೆ, ಕೊಕ್ಕರ್ ಹೊಡೆದು ಓಡಿದ ಮೊದಲ ಕ್ಷಣದಲ್ಲೇ ಗಂಟು ಬಿಚ್ಚುತ್ತದೆ.

ಕಾರ್ಬನ್ ವಾಷರ್ ಶಾಖ ತಡೆಯುತ್ತದೆ, ಒದ್ದೆಯಾದರೂ ಹೆಚ್ಚು ಬದಲಾಗುವುದಿಲ್ಲ. ಫೆಲ್ಟ್ ವಾಷರ್ ಕಡಿಮೆ ಬಿಗಿಯಲ್ಲಿ ಬಲು ನಯ, ಆದರೆ ಉಪ್ಪುನೀರು ಹೀರುತ್ತದೆ, ಒಣಗಿದಾಗ ಅಂಟುತ್ತದೆ. ಕಡಲಿಗೆ ಕಾರ್ಬನ್ ಇರಲಿ, ಅದರ ಮೇಲೆ ಡ್ರ್ಯಾಗ್ ಗ್ರೀಸಿನ ತೆಳು ಲೇಪವೂ ಇರಲಿ.

ಇನ್ನೊಂದು ಲೆಕ್ಕ. ದಾರ ಹೊರಗೋಡಿದಂತೆ ಸ್ಪೂಲಿನ ಸುತ್ತಳತೆ ಕುಗ್ಗುತ್ತದೆ, ಎಳೆತ ಏರುತ್ತದೆ. 47 ಮಿ.ಮೀ. ಇದ್ದ ವ್ಯಾಸ 36ಕ್ಕೆ ಇಳಿದಾಗ 2 ಕಿಲೋಗೆ ಇಟ್ಟ ಡ್ರ್ಯಾಗ್ 2.6 ಕಿಲೋ ಆಗಿರುತ್ತದೆ, ನೀವು ಗುಬುಟು ಮುಟ್ಟದಿದ್ದರೂ. ಮೀನು ದೂರ ಓಡಿದಾಗ ಬಿಗಿ ಮಾಡಬೇಡಿ, ಒಂದೆರಡು ಕ್ಲಿಕ್ ಸಡಿಲಿಸಿ.

ಅಂಗಡಿಯಲ್ಲಿ ಹತ್ತು ನಿಮಿಷ

1. ಹಿಡಿಕೆಯನ್ನು ಅದರ ಅಚ್ಚಿನ ದಿಕ್ಕಿನಲ್ಲಿ ಒಳಕ್ಕೆ ತಳ್ಳಿ, ಹೊರಕ್ಕೆ ಎಳೆಯಿರಿ. ಕೂದಲೆಳೆಯಷ್ಟು ಸಡಿಲ ಇರಬಹುದು, ಟಕ್ ಎಂದು ಸದ್ದು ಬಂದರೆ ಬೇಡ.

2. ಹಿಡಿಕೆಯನ್ನು ತೀರಾ ನಿಧಾನವಾಗಿ, ಒಂದು ಸುತ್ತಿಗೆ ಐದು ಸೆಕೆಂಡಿನಂತೆ ತಿರುಗಿಸಿ. ವೇಗವಾಗಿ ತಿರುಗಿಸಿದರೆ ಗೇರಿನ ದೋಷ ಬಯಲಾಗುವುದಿಲ್ಲ.

3. ನಿಲ್ಲಿಸಿ, ಹಿಂದಕ್ಕೆ ಒತ್ತಿ. ಹೀಗೆ ಇಪ್ಪತ್ತು ಬಾರಿ, ಬೇರೆ ಬೇರೆ ಜಾಗದಲ್ಲಿ. ಒಮ್ಮೆಯಾದರೂ ಹಿಡಿಕೆ ಹಿಂದಕ್ಕೆ ಜಾರಿದರೆ ಕ್ಲಚ್ ಸರಿಯಿಲ್ಲ.

4. ಹಿಡಿಕೆ ನೇರವಾಗಿ ಗೇರಿನೊಳಗೆ ತಿರುಪಿ ಕೂರುವಂಥದ್ದಾಗಿರಲಿ. ಆರು ಮೂಲೆಯ ಕಡ್ಡಿ ತೂರಿಸಿ ಆಚೆಯಿಂದ ಬೋಲ್ಟ್ ಬಿಗಿಯುವ ಬಗೆಯಲ್ಲಿ ಸಡಿಲ ಬರುವುದು ಖಚಿತ, ಆ ತೂತಿನಿಂದ ನೀರೂ ಇಳಿಯುತ್ತದೆ.

5. ಡ್ರ್ಯಾಗ್ ಪೂರ್ತಿ ಸಡಿಲಿಸಿ ಮೂರು ಕ್ಲಿಕ್ ಬಿಗಿ ಮಾಡಿ, ದಾರ ಕಟ್ಟಿ ನಿಧಾನವಾಗಿ ಎಳೆಯಿರಿ. ಜಾರಿಕೆಯಲ್ಲಿ ಜರ್ಕ್ ಇರಬಾರದು.

6. ಬೈಲ್ (ದಾರ ಹಿಡಿದು ಸ್ಪೂಲಿಗೆ ಒಯ್ಯುವ ತಂತಿಯ ಬಳೆ) ಕೈಯಿಂದ ಮುಚ್ಚಿದಾಗ ಎರಡೂ ಬದಿ ಒಟ್ಟಿಗೆ ಕೂರಬೇಕು. ಬೈಲ್ ತಂತಿ ರೋಲರ್‌ಗೆ ಸೇರುವಲ್ಲಿ ಮೆಟ್ಟಿಲು, ಸಂದಿ ಇದ್ದರೆ ಬ್ರೇಡ್ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಉಗುರು ಹಾಯಿಸಿ ನೋಡಿ.

7. ಸ್ಪೂಲ್ ತೆಗೆದು ಕೆಳಗೆ ನೋಡಿ. ಕ್ಲಚ್‌ನ ಸುತ್ತ ರಬ್ಬರ್ ತುಟಿ ಕಾಣುತ್ತದೆಯೇ, ಕ್ಲಿಕ್ ಮಾಡುವ ನಾಲಗೆ ಲೋಹದ್ದೇ ಪ್ಲಾಸ್ಟಿಕ್ಕೇ?

8. ಕೊನೆಗೆ ನಿಮ್ಮ ರಾಡಿಗೇ ಕೂರಿಸಿ ಹಿಡಿದು ನೋಡಿ. ರಾಡ್ ಮುಂದಕ್ಕೆ ಬೀಳುತ್ತಿದ್ದರೆ ರೀಲ್ ತೀರಾ ಹಗುರ ಎಂದರ್ಥ. 7 ಅಡಿಯ ಹಗುರ ರಾಡಿಗೆ 220ರಿಂದ 300 ಗ್ರಾಂ ಸಾಮಾನ್ಯವಾಗಿ ಹೊಂದುತ್ತದೆ.

ಆನ್‌ಲೈನ್‌ನಲ್ಲಿ ಕೊಳ್ಳುವವರು ಪೆಟ್ಟಿಗೆ ತೆರೆದ ದಿನವೇ ಇವನ್ನೆಲ್ಲ ಮಾಡಿ, ದಾರ ಸುತ್ತುವ ಮುಂಚೆಯೇ. ದಾರ ಸುತ್ತಿದ ರೀಲನ್ನು ಹಿಂತಿರುಗಿಸುವುದು ಕಷ್ಟ.

ಮಾದರಿಗಳು, ಬಿಡಿಭಾಗಗಳು

ಪೆನ್ ಕಂಪನಿಯ ಬ್ಯಾಟಲ್ 3 ಲೋಹದ ಮೈ, ಯಂತ್ರದಲ್ಲಿ ಕೊರೆದ ಗೇರ್, ಕಾರ್ಬನ್ ಡ್ರ್ಯಾಗ್ ಇರುವ, ಐಪಿಎಕ್ಸ್ ದರ್ಜೆ ಇಲ್ಲದ ಸರಳ ರೀಲ್. ತಾನೇ ಬಿಚ್ಚಿ ಜೋಡಿಸುವವರಿಗೆ ಒಪ್ಪುತ್ತದೆ. 2016ರಲ್ಲಿ ಬಂದ ಡೈವಾ ಬಿಜಿ ಅಲ್ಯೂಮಿನಿಯಂ ಮೈಯದು, ಮ್ಯಾಗ್‌ಸೀಲ್ ಇಲ್ಲದ್ದರಿಂದ ಮನೆಯಲ್ಲೇ ಎಣ್ಣೆ ಹಾಕಬಹುದು. ಅದರ ಅಳತೆ ಹಳೆಯ ಪದ್ಧತಿಯದು, ಲಘು ಕೆಲಸಕ್ಕೆ 2500 ಸಾಕು. ಶಿಮಾನೊ ಸ್ಟ್ರಾಡಿಕ್ ಇವೆರಡಕ್ಕಿಂತ ನಯ, ಬೆಲೆಯೂ ಮೇಲೆ. ಪೆನ್ ಸ್ಪಿನ್‌ಫಿಶರ್ 6 ಐಪಿಎಕ್ಸ್5, ಸ್ಲ್ಯಾಮರ್ 4 ಐಪಿಎಕ್ಸ್6. ಎರಡೂ ಗಟ್ಟಿ, ಎರಡೂ ಭಾರ. ದಿನವಿಡೀ 15 ಗ್ರಾಂ ಲೂರ್ ಎಸೆಯುವ ಕೈಗೆ ಅವು ಹೊರೆ, ಬಂಡೆಯ ಮೇಲೆ ನಿಲ್ಲುವವರಿಗೆ ರಕ್ಷಣೆ.

ಹೆಸರು ಯಾವುದಾದರೂ ಆಗಲಿ, ಹಣ ಕೊಡುವ ಮೊದಲು ಮಾರುವವರಲ್ಲಿ ನಾಲ್ಕು ಭಾಗ ಸಿಗುತ್ತವೆಯೇ ಎಂದು ಕೇಳಿ: ಬೈಲ್ ಸ್ಪ್ರಿಂಗ್, ಲೈನ್ ರೋಲರ್, ಹಿಂತಿರುಗು ತಡೆಯ ಕ್ಲಚ್, ಡ್ರ್ಯಾಗ್ ವಾಷರ್. ಪೆಟ್ಟಿಗೆಯಲ್ಲಿ ಭಾಗಗಳ ಬಿಡಿಚಿತ್ರ ಇದ್ದರೆ ಜೋಪಾನ ಮಾಡಿ, ಭಾಗ ತರಿಸಲು ಅದರ ಸಂಖ್ಯೆಯೇ ಆಧಾರ. ಜಪಾನ್ ಮಾರುಕಟ್ಟೆಗೆಂದು ಮಾಡಿದ ರೀಲ್ ವಿದೇಶದಿಂದ ತರಿಸಿದರೆ ಇಲ್ಲಿ ವಾರಂಟಿ ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ. ಸೆಕೆಂಡ್ ಹ್ಯಾಂಡ್ ರೀಲಿನಲ್ಲಿ ಮೊದಲು ನೋಡಬೇಕಾದ್ದು ತಿರುಪುಗಳ ತಲೆ. ತಲೆಯ ಸುತ್ತ ಬಣ್ಣ ಉಬ್ಬಿದ್ದರೆ ಅಲ್ಯೂಮಿನಿಯಂ ಮತ್ತು ಸ್ಟೀಲ್ ಉಪ್ಪುನೀರಿನಲ್ಲಿ ಕೂಡಿ ಕಿಲುಬು ಶುರುವಾಗಿದೆ. ಆ ತಿರುಪು ಬಿಚ್ಚುವಾಗ ಮುರಿಯುತ್ತದೆ.

ದಾರ ಸುತ್ತುವುದು, ತೊಳೆಯುವುದು

ಸ್ಪೂಲಿನ ತಳಕ್ಕೆ ಮೊದಲು ಎಂಟು-ಹತ್ತು ಸುತ್ತು ತಂಗೂಸು ಸುತ್ತಿ, ಅದಕ್ಕೆ ಬ್ರೇಡ್ ಗಂಟು ಹಾಕಿ. ನೇರ ಸುತ್ತಿದ ಬ್ರೇಡ್ ನುಣುಪು ಸ್ಪೂಲ್ ಮೇಲೆ ಇಡಿಯಾಗಿ ಜಾರುತ್ತದೆ. ಡ್ರ್ಯಾಗ್ ಕೆಟ್ಟಿದೆ ಎಂದು ಅನೇಕರು ಮೋಸಹೋಗುವುದು ಇಲ್ಲೇ. ಒದ್ದೆ ಬಟ್ಟೆಯಲ್ಲಿ ದಾರ ಹಿಡಿದು ಬಿಗಿಯಾಗಿ ಸುತ್ತಿ, ಅಂಚಿಗಿಂತ 1.5-2 ಮಿ.ಮೀ. ಕೆಳಗೆ ನಿಲ್ಲಿಸಿ. ಡ್ರ್ಯಾಗನ್ನು ತೂಕದ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಅಳೆದೇ ಇಡಿ.

ಮನೆಗೆ ಬಂದ ಕೂಡಲೆ ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರನ್ನು ಮೆಲ್ಲಗೆ ಚಿಮುಕಿಸಿ ಅರ್ಧ ನಿಮಿಷ ತೊಳೆಯಿರಿ. ಬಕೆಟ್ಟಿನಲ್ಲಿ ಅದ್ದಬೇಡಿ, ಪೈಪಿನ ಜೋರು ಧಾರೆ ಬಿಟ್ಟರೆ ಹೊರಗಿದ್ದ ಉಪ್ಪು ಸೀಲ್ ದಾಟಿ ಒಳಹೋಗುತ್ತದೆ. ಬಿಸಿನೀರೂ ಬೇಡ, ಗ್ರೀಸ್ ಕರಗುತ್ತದೆ. ಕೊಡವಿ, ಒರೆಸಿ, ಡ್ರ್ಯಾಗ್ ಸಡಿಲಿಸಿ, ನೆರಳಿನಲ್ಲಿ ಒಣಗಿಸಿ. ಮೂರು ಸಲ ಹೋಗಿಬಂದ ಮೇಲೆ ಲೈನ್ ರೋಲರ್‌ಗೆ (ಅದು ಮ್ಯಾಗ್‌ಸೀಲ್ ಅಲ್ಲದಿದ್ದರೆ), ಹಿಡಿಕೆಯ ಗುಬುಟಿಗೆ, ಬೈಲ್ ಕೀಲಿಗೆ ಒಂದೊಂದು ಹನಿ ರೀಲ್ ಎಣ್ಣೆ. ತುಕ್ಕು ಬಿಡಿಸುವ ಸ್ಪ್ರೇ ಎಣ್ಣೆಯ ಬದಲಿಯಲ್ಲ. ಅದು ಒಳಗಿನ ಗ್ರೀಸನ್ನೇ ತೊಳೆದುಹಾಕುತ್ತದೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧವಿರುವ ಮಳೆಗಾಲದ ಆ ಎರಡು ತಿಂಗಳು ರೀಲ್ ಬಿಚ್ಚಿ, ಹಳೆ ಗ್ರೀಸ್ ತೆಗೆದು ಹೊಸತು ಹಾಕಲು ತಕ್ಕ ಸಮಯ. ಬಿಚ್ಚುವಾಗ ಪ್ರತಿ ಹಂತಕ್ಕೂ ಫೋಟೊ ತೆಗೆಯುತ್ತಾ ಹೋಗಿ, ತೆಳು ವಾಷರ್‌ಗಳು ಯಾವ ಕ್ರಮದಲ್ಲಿದ್ದವು ಎಂಬುದು ಆಮೇಲೆ ನೆನಪಿಗೆ ಬರುವುದಿಲ್ಲ.

ಬಳಸುತ್ತಾ ಹೋದಂತೆ ರೀಲ್ ಮಾಡುವ ಸದ್ದೇ ಕೆಟ್ಟ ಭಾಗವನ್ನು ತೋರಿಸುತ್ತದೆ. ದಾರ ಎಳೆಯುವಾಗ ಮಾತ್ರ ಕೀಚಲು ಸದ್ದು ಬಂದರೆ ಲೈನ್ ರೋಲರ್. ದಾರವಿಲ್ಲದೆ ಬರಿದೆ ತಿರುಗಿಸಿದಾಗಲೂ ಗರಗರ ಇದ್ದರೆ ಪಿನಿಯನ್ ಅಥವಾ ಮುಖ್ಯ ಗೇರಿನ ಬೇರಿಂಗ್. ಒಂದು ಸುತ್ತಿಗೆ ಒಮ್ಮೆ, ಒಂದೇ ಜಾಗದಲ್ಲಿ ತಟ್ಟಿದಂತಾದರೆ ಮುಖ್ಯ ಗೇರಿನ ಹಲ್ಲಿಗೆ ಏಟು ಬಿದ್ದಿದೆ. ಹಿಡಿಕೆ ಆಗೊಮ್ಮೆ ಈಗೊಮ್ಮೆ ಹಿಂದಕ್ಕೆ ಜಾರಿದರೆ ಕ್ಲಚ್‌ನೊಳಗೆ ಗ್ರೀಸ್ ಸೇರಿದೆ. ಅದನ್ನು ತೆಗೆದು ಪೆಟ್ರೋಲಿಯಂ ಸ್ಪಿರಿಟ್‌ನಲ್ಲಿ ತೊಳೆದು, ಒಣಗಿಸಿ, ಅತಿ ತೆಳು ಎಣ್ಣೆಯ ಒಂದೇ ಹನಿ ಹಾಕಿ ಕೂರಿಸಿ. ಇವುಗಳಲ್ಲಿ ಹಲ್ಲಿನ ಏಟೊಂದನ್ನು ಬಿಟ್ಟು ಉಳಿದೆಲ್ಲವೂ ಒಂದೆರಡು ಸಣ್ಣ ಭಾಗ ಬದಲಿಸಿದರೆ ಅಥವಾ ತೊಳೆದರೆ ಸರಿಹೋಗುವಂಥವು. ಗೇರಿನ ಹಲ್ಲಿಗೆ ಏಟು ಬಿದ್ದಿದ್ದರೆ ಮುಖ್ಯ ಗೇರ್ ಮತ್ತು ಪಿನಿಯನ್ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಹೊಸ ಗೇರ್ ಸವೆದ ಪಿನಿಯನ್ ಜೊತೆ ಹೊಂದುವುದಿಲ್ಲ.